ಮ್ಯೂಟೂ ಮತ್ತು ಗಾರ್ಡೆವಾರ್: ಪೋಕೆಮಾನ್ ಟಿಸಿಜಿ ಪಾಕೆಟ್‌ನಲ್ಲಿ ಕಾರ್ಡ್ ಜೋಡಿ ಕಟ್ಟುವ ಸಮಗ್ರ ಮಾರ್ಗದರ್ಶಿ

ಒಂದೇ ಏಟಿಗೆ 150 ಹಾನಿ ಮಾಡುವ ಕಾರ್ಡ್ ಸಿಕ್ಕಿದ ದಿನ ಎಲ್ಲರಿಗೂ ಖುಷಿಯಾಗುತ್ತದೆ. ಅದಕ್ಕೆ ಹೊಂದುವ ಇನ್ನೆರಡು ಕಾರ್ಡ್ ಸೇರಿಸಿ, ಉಳಿದ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತುಂಬಿ ಆಟಕ್ಕೆ ಇಳಿಯುತ್ತೇವೆ. ಹತ್ತರಲ್ಲಿ ಮೂರು ಪಂದ್ಯಗಳಲ್ಲಿ ಜೋಡಿ ಅದ್ಭುತವಾಗಿ ಕೂಡಿಬರುತ್ತದೆ. ಉಳಿದ ಏಳರಲ್ಲಿ ಬೇಕಾದ ಕಾರ್ಡ್ ಡೆಕ್ಕಿನ ತಳದಲ್ಲೇ ಉಳಿದಿರುತ್ತದೆ. ಇದನ್ನು ಹಣೆಬರಹ ಎಂದುಕೊಳ್ಳುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಇದು ಲೆಕ್ಕದ ವಿಷಯ, ಮತ್ತು ಆ ಲೆಕ್ಕವನ್ನು ಯಾರು ಬೇಕಾದರೂ ಕಲಿಯಬಹುದು. ಜೋಡಿಯ ಬಲವನ್ನು ಅದು ಮಾಡುವ ಹಾನಿಯಿಂದ ಅಳೆಯಬಾರದು. ಎಷ್ಟು ಪಂದ್ಯಗಳಲ್ಲಿ, ಎಷ್ಟನೇ ಸರದಿಗೆ ಅದು ಕೂಡಿಬರುತ್ತದೆ ಎಂಬುದರಿಂದ ಅಳೆಯಬೇಕು.

ಉದಾಹರಣೆಗೆ 2024ರ ಅಕ್ಟೋಬರ್ 30ರಂದು ಬಿಡುಗಡೆಯಾದ ‘ಪೋಕೆಮಾನ್ ಟಿಸಿಜಿ ಪಾಕೆಟ್’ ಎಂಬ ಮೊಬೈಲ್ ಕಾರ್ಡ್ ಆಟವನ್ನೇ ತೆಗೆದುಕೊಂಡಿದ್ದೇನೆ. ಇಲ್ಲಿ ಡೆಕ್ಕಿಗೆ 20 ಕಾರ್ಡ್ ಮಾತ್ರ, ಒಂದೇ ಹೆಸರಿನವು ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಹೀಗಾಗಿ ಲೆಕ್ಕ ಕಾಗದದ ಮೇಲೆ ಮುಗಿಯುತ್ತದೆ. ಮೊದಲ ಸರಣಿಯಾದ ‘ಜೆನೆಟಿಕ್ ಏಪೆಕ್ಸ್’ನ ಮ್ಯೂಟೂ ಇಎಕ್ಸ್–ಗಾರ್ಡೆವಾರ್ ಜೋಡಿಯನ್ನು ಬಿಡಿಸಿ ನೋಡೋಣ. ಆಮೇಲೆ ಬಂದ ಸರಣಿಗಳಲ್ಲಿ ಇದಕ್ಕಿಂತ ಬಲವಾದ ಡೆಕ್‌ಗಳು ಇವೆ. ಆದರೆ ಜೋಡಿಯೊಂದು ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯಲು ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗುವುದು ಕಷ್ಟ.

ಹಂತ 1: ಗುರಿ ಕಾರ್ಡಿಗೆ ಏನು ಕೊರತೆ ಎಂದು ಕಂಡುಕೊಳ್ಳಿ

ಮ್ಯೂಟೂ ಇಎಕ್ಸ್ ಬೇಸಿಕ್ ಕಾರ್ಡ್, ಅಂದರೆ ನೇರವಾಗಿ ಆಟಕ್ಕೆ ಇಳಿಸಬಹುದಾದದ್ದು. 150 ಎಚ್‌ಪಿ, ಅಂದರೆ ಒಟ್ಟು 150 ಹಾನಿಯಾದರೆ ಬೀಳುತ್ತದೆ. ಅದಕ್ಕೆ ಎರಡು ದಾಳಿಗಳು. ‘ಸೈಕಿಕ್ ಸ್ಫಿಯರ್’ಗೆ ಎರಡು ಎನರ್ಜಿ (ದಾಳಿಗೆ ಬೇಕಾದ ಇಂಧನ) ಸಾಕು, 50 ಹಾನಿ. ‘ಸೈಡ್ರೈವ್’ಗೆ ನಾಲ್ಕು ಎನರ್ಜಿ ಬೇಕು, 150 ಹಾನಿ, ಆದರೆ ಹೊಡೆದ ಮೇಲೆ ಎರಡು ಸೈಕಿಕ್ ಬಗೆಯ ಎನರ್ಜಿ ಕಳೆದುಹೋಗುತ್ತದೆ. ಸರದಿಗೆ ಒಂದೇ ಎನರ್ಜಿ ಸಿಗುವ ಆಟದಲ್ಲಿ ಇದು ದೊಡ್ಡ ನಷ್ಟ. ಒಮ್ಮೆ 150 ಹೊಡೆದರೆ ಮುಂದಿನ ಸರದಿಯಲ್ಲಿ ಮೂರು ಎನರ್ಜಿ ಮಾತ್ರ ಇರುತ್ತದೆ, 50ಕ್ಕೆ ತೃಪ್ತಿಪಡಬೇಕು. ಅಂದರೆ ಎರಡು ಸರದಿಗೆ 200.

ಕೊರತೆ ಗೊತ್ತಾಯಿತು: ಸರದಿಗೆ ಇನ್ನೊಂದು ಎನರ್ಜಿ ಬೇಕು. ಗಾರ್ಡೆವಾರ್‌ನ ‘ಸೈ ಶ್ಯಾಡೋ’ ಸಾಮರ್ಥ್ಯ ಕೊಡುವುದು ಅದನ್ನೇ. ಪ್ರತಿ ಸರದಿಯಲ್ಲಿ ಒಮ್ಮೆ, ಆಕ್ಟಿವ್ ಸ್ಥಾನದಲ್ಲಿರುವ (ಮುಂದೆ ನಿಂತು ಹೋರಾಡುವ) ಸೈಕಿಕ್ ಪೋಕೆಮಾನ್‌ಗೆ ಒಂದು ಹೆಚ್ಚುವರಿ ಸೈಕಿಕ್ ಎನರ್ಜಿ ಸೇರಿಸಬಹುದು. ಎರಡು ಕಳೆದುಹೋಯಿತು, ಎರಡು ಬಂತು. ಪ್ರತಿ ಸರದಿಯೂ 150, ಎರಡು ಸರದಿಗೆ 300.

ಒಳ್ಳೆಯ ಜೋಡಿ ಹುಟ್ಟುವುದು ಹೀಗೆ. ಎರಡು ಬಲಶಾಲಿ ಕಾರ್ಡ್‌ಗಳನ್ನು ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಅವು ಜೋಡಿಯಾಗುವುದಿಲ್ಲ. ಒಂದರ ಕೊರತೆಯನ್ನು ಇನ್ನೊಂದು ನಿಖರವಾಗಿ ತುಂಬಬೇಕು. ನಿಮ್ಮ ಗುರಿ ಕಾರ್ಡಿನ ಪಠ್ಯವನ್ನು ಓದಿ, ಅದನ್ನು ಕಟ್ಟಿಹಾಕಿರುವುದು ಏನು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಎನರ್ಜಿಯೇ? ಎಚ್‌ಪಿಯೇ? ಹೊರಬರಲು ತಗಲುವ ಸಮಯವೇ? ಆ ವಾಕ್ಯ ಬರೆಯಲಾಗದಿದ್ದರೆ ಜೊತೆಗಾರನನ್ನು ಹುಡುಕಲು ಇನ್ನೂ ಸಮಯ ಬಂದಿಲ್ಲ.

ಹಂತ 2: ಯಾವ ಸರದಿಗೆ ಎಂದು ಎಣಿಸಿ

ಇಲ್ಲಿ ನಿಧಾನಿಸೋಣ, ಏಕೆಂದರೆ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ.

ಗಾರ್ಡೆವಾರ್ ನೇರವಾಗಿ ಬರುವುದಿಲ್ಲ. ರಾಲ್ಟ್ಸ್, ಅದರಿಂದ ಕಿರ್ಲಿಯಾ, ಅದರಿಂದ ಗಾರ್ಡೆವಾರ್. ಮೊದಲ ಸರದಿಯಲ್ಲಿ ವಿಕಸನಕ್ಕೆ (ಒಂದರ ಮೇಲೆ ಅದರ ಮುಂದಿನ ರೂಪ ಇಡುವುದಕ್ಕೆ) ಅವಕಾಶವಿಲ್ಲ, ಅದೇ ಸರದಿಯಲ್ಲಿ ಇಳಿಸಿದ ಪೋಕೆಮಾನ್‌ಗೂ ಇಲ್ಲ. ಆದ್ದರಿಂದ ಎಲ್ಲವೂ ಕೈಗೂಡಿದರೂ ಗಾರ್ಡೆವಾರ್ ಬರುವುದು ನಿಮ್ಮ ಮೂರನೇ ಸರದಿಯಲ್ಲಿ.

ಇನ್ನು ಎನರ್ಜಿ. ಮೊದಲು ಆಡುವವರಿಗೆ ಮೊದಲ ಸರದಿಯಲ್ಲಿ ಎನರ್ಜಿ ಇಲ್ಲ. ನೀವು ಎರಡನೆಯವರಾದರೆ ಮೂರನೇ ಸರದಿಗೆ ಮ್ಯೂಟೂ ಮೇಲೆ ಮೂರು ಎನರ್ಜಿ, ಗಾರ್ಡೆವಾರ್‌ನಿಂದ ಇನ್ನೊಂದು, ಒಟ್ಟು ನಾಲ್ಕು. ಅಂದೇ ಸೈಡ್ರೈವ್ ಹೊಡೆಯಬಹುದು. ನೀವು ಮೊದಲಿಗರಾದರೆ ಮೂರನೇ ಸರದಿಗೆ ಒಟ್ಟು ಮೂರೇ. ಸೈಡ್ರೈವ್ ನಾಲ್ಕನೆಯದಕ್ಕೆ ಹೋಗುತ್ತದೆ. ಒಂದೇ ಡೆಕ್, ನಾಣ್ಯ ಚಿಮ್ಮಿದ ಫಲಿತಾಂಶ ಮಾತ್ರ ಬೇರೆ, ಒಂದು ಇಡೀ ಸರದಿಯ ವ್ಯತ್ಯಾಸ. ಮೊದಲಿಗರಾದಾಗ ಮ್ಯೂಟೂವನ್ನು ಕಾಪಾಡಿಕೊಳ್ಳಲು ಹೆಚ್ಚು ಎಚ್ಚರ ಬೇಕು ಎಂಬುದು ಈ ಎಣಿಕೆಯಿಂದಲೇ ಗೊತ್ತಾಗುತ್ತದೆ.

ಸೈ ಶ್ಯಾಡೋ ಎನರ್ಜಿ ಸೇರಿಸುವುದು ಆಕ್ಟಿವ್ ಪೋಕೆಮಾನ್‌ಗೆ ಮಾತ್ರ ಎಂಬುದನ್ನೂ ಗಮನಿಸಿ. ಮ್ಯೂಟೂ ಬೆಂಚಿನಲ್ಲಿ (ಹಿಂದೆ ಕಾಯುವ ಜಾಗದಲ್ಲಿ) ಇದ್ದರೆ ಅದಕ್ಕೆ ಈ ಸಾಮರ್ಥ್ಯದಿಂದ ಪ್ರಯೋಜನವಿಲ್ಲ.

ಹಂತ 3: ಕೂಡಿಬರುವ ಸಂಭವ ಲೆಕ್ಕ ಹಾಕಿ

ಆರಂಭದಲ್ಲಿ ಐದು ಕಾರ್ಡ್, ಆಮೇಲೆ ಸರದಿಗೆ ಒಂದು. ಹೀಗೆ ಮೂರನೇ ಸರದಿಗೆ ಎಂಟು ಕಾರ್ಡ್ ನೋಡಿರುತ್ತೀರಿ. ‘ಪ್ರೊಫೆಸರ್ಸ್ ರಿಸರ್ಚ್’ ಒಂದು ಸಲ ಆಡಿದರೆ ಇನ್ನೆರಡು ಸೇರಿ ಹತ್ತು, ಎರಡು ಸಲ ಆಡಿದರೆ ಹನ್ನೆರಡು.

ಎರಡು ಪ್ರತಿ ಇರುವ ಒಂದು ಕಾರ್ಡ್ ಆರಂಭದ ಐದರಲ್ಲೇ ಬರುವ ಸಂಭವ ಶೇ 45. ಎಂಟು ಕಾರ್ಡ್ ನೋಡುವಷ್ಟರಲ್ಲಿ ಶೇ 65, ಹತ್ತಕ್ಕೆ ಶೇ 76, ಹನ್ನೆರಡಕ್ಕೆ ಶೇ 85. ಸೂತ್ರ ಸುಲಭ: ನೋಡಿದ ಕಾರ್ಡ್‌ಗಳ ಸಂಖ್ಯೆಯನ್ನು 20ರಿಂದಲೂ 19ರಿಂದಲೂ ಕಳೆಯಿರಿ, ಬಂದ ಎರಡು ಸಂಖ್ಯೆಗಳನ್ನು ಗುಣಿಸಿ, 380ರಿಂದ ಭಾಗಿಸಿ. ಸಿಗುವುದು ಆ ಕಾರ್ಡ್ ಬಾರದಿರುವ ಸಂಭವ. ಎಂಟು ಕಾರ್ಡಿಗೆ 12 ಗುಣಿಸು 11, ಅಂದರೆ 132. 380ರಿಂದ ಭಾಗಿಸಿದರೆ ಸುಮಾರು ಶೇ 35.

ಈಗ ಜೋಡಿಗೆ ಬನ್ನಿ. ರಾಲ್ಟ್ಸ್, ಕಿರ್ಲಿಯಾ, ಗಾರ್ಡೆವಾರ್ ಮೂರೂ ಎಂಟು ಕಾರ್ಡ್‌ಗಳಲ್ಲಿ ಸಿಗುವ ಸಂಭವ ಶೇ 24 ಮಾತ್ರ. ಹತ್ತು ಕಾರ್ಡ್ ನೋಡಿದರೆ ಶೇ 41. ಮ್ಯೂಟೂವೂ ಸೇರಿ ನಾಲ್ಕೂ ಬೇಕೆಂದರೆ ಹತ್ತಕ್ಕೆ ಶೇ 29, ಹನ್ನೆರಡಕ್ಕೆ ಶೇ 49. ಆರಂಭದ ಕೈಯಲ್ಲಿ ಒಂದಾದರೂ ಬೇಸಿಕ್ ಪೋಕೆಮಾನ್ ಬಂದೇ ಬರುತ್ತದೆ ಎಂಬ ನಿಯಮವನ್ನೂ ಡೆಕ್ಕಿನಿಂದ ಬೇಸಿಕ್ ಕಾರ್ಡ್ ತರುವ ‘ಪೋಕೆ ಬಾಲ್’ ನೆರವನ್ನೂ ಇಲ್ಲಿ ಎಣಿಸಿಲ್ಲ; ಅವೆರಡರಿಂದ ನಿಜವಾದ ಸಂಖ್ಯೆ ಇನ್ನಷ್ಟು ಮೇಲೇರುತ್ತದೆ. ಆದರೂ ನಾಲ್ಕು ಬೇರೆಬೇರೆ ಕಾರ್ಡ್‌ಗಳನ್ನು ನೆಚ್ಚಿಕೊಂಡ ಯೋಜನೆ ಎಷ್ಟು ನಾಜೂಕು ಎಂಬುದು ಕಣ್ಣಿಗೆ ಕಾಣುತ್ತದೆ.

ಜೋಡಿಗೆ ಒಂದೊಂದು ಹೊಸ ಕಾರ್ಡ್ ಬೇಕಾದಾಗಲೂ ಸಂಭವ ಜಾರುತ್ತದೆ. ಎರಡು ಕಾರ್ಡಿನ ಜೋಡಿಗೆ ಎಂಟರಲ್ಲಿ ಶೇ 41 ಇದ್ದದ್ದು ಮೂರನೆಯದು ಸೇರಿದ ಕೂಡಲೇ 24ಕ್ಕೆ ಇಳಿಯಿತು. ಹಾಗಾಗಿ ಮೂರನೇ ಕಾರ್ಡ್ ಸೇರಿಸುವ ಮುನ್ನ ಅದು ತರುವ ಲಾಭ ಈ ನಷ್ಟವನ್ನು ಮೀರುತ್ತದೆಯೇ ಎಂದು ಕೇಳಿಕೊಳ್ಳಿ.

ಹಂತ 4: ಒಂದೇ ಕೆಲಸಕ್ಕೆ ಎರಡು ದಾರಿ ಇಡಿ

2025ರ ಏಪ್ರಿಲ್ ಕೊನೆಯಲ್ಲಿ ಬಂದ ‘ಸೆಲೆಸ್ಟಿಯಲ್ ಗಾರ್ಡಿಯನ್ಸ್’ ಸರಣಿಯ ‘ರೇರ್ ಕ್ಯಾಂಡಿ’ ಇದಕ್ಕೆ ಒಳ್ಳೆಯ ಉದಾಹರಣೆ. ಬೇಸಿಕ್ ಪೋಕೆಮಾನ್ ಮೇಲೆ ನೇರವಾಗಿ ಎರಡನೇ ಹಂತದ ಕಾರ್ಡ್ ಇಡಲು ಅದು ಅವಕಾಶ ಕೊಡುತ್ತದೆ. ರಾಲ್ಟ್ಸ್‌ನಿಂದ ಸೀದಾ ಗಾರ್ಡೆವಾರ್, ನಡುವೆ ಕಿರ್ಲಿಯಾ ಬೇಡ. ಒಂದು ಸರದಿ ಬೇಗ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಲಾಭ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ಈಗ ಸೇತುವೆಯ ಕೆಲಸಕ್ಕೆ ಎರಡು ಕಿರ್ಲಿಯಾ, ಎರಡು ಕ್ಯಾಂಡಿ, ಒಟ್ಟು ನಾಲ್ಕು ಕಾರ್ಡ್‌ಗಳಿವೆ. ನಾಲ್ಕರಲ್ಲಿ ಯಾವುದು ಬಂದರೂ ಆಯಿತು. ರಾಲ್ಟ್ಸ್, ಸೇತುವೆ, ಗಾರ್ಡೆವಾರ್ ಮೂರೂ ಸಿಗುವ ಸಂಭವ ಎಂಟು ಕಾರ್ಡಿಗೆ ಶೇ 24ರಿಂದ 35ಕ್ಕೆ, ಹತ್ತು ಕಾರ್ಡಿಗೆ ಶೇ 41ರಿಂದ 54ಕ್ಕೆ ಏರುತ್ತದೆ. ಹಾನಿಯ ಅಂಕೆ ಒಂದೂ ಹೆಚ್ಚಲಿಲ್ಲ, ಡೆಕ್ ಮಾತ್ರ ಬಹಳ ಬಲವಾಯಿತು.

ಇದೇ ತತ್ವವನ್ನು ಪಿಕಾಚು ಇಎಕ್ಸ್ ಇನ್ನಷ್ಟು ಚೆನ್ನಾಗಿ ತೋರಿಸುತ್ತದೆ. ಅದರ ‘ಸರ್ಕಲ್ ಸರ್ಕಿಟ್’ ದಾಳಿಗೆ ಎರಡೇ ಎನರ್ಜಿ. ಬೆಂಚಿನಲ್ಲಿರುವ ಪ್ರತಿ ಲೈಟ್ನಿಂಗ್ ಬಗೆಯ ಪೋಕೆಮಾನ್‌ಗೆ 30ರಂತೆ, ಬೆಂಚಿನ ಮೂರೂ ಜಾಗ ತುಂಬಿದರೆ 90 ಹಾನಿ. ಇಂಥದ್ದೇ ಕಾರ್ಡ್ ಬೇಕೆಂಬ ಹಟ ಅದಕ್ಕಿಲ್ಲ. ಲೈಟ್ನಿಂಗ್ ಆಗಿದ್ದರೆ ಯಾವುದಾದರೂ ನಡೆಯುತ್ತದೆ. ಹೊಸದಾಗಿ ಡೆಕ್ ಕಟ್ಟುವವರಿಗೆ ನಾನು ಮೊದಲು ಹೇಳುವುದು ಇಂಥ ಜೋಡಿಯನ್ನೇ: ಹೆಸರು ಹಿಡಿದು ಕಾರ್ಡ್ ಕೇಳದೆ, ಬಗೆ ಹಿಡಿದು ಕೇಳುವ ಜೋಡಿ.

ಹಂತ 5: ಒಂಟಿಯಾದರೂ ಕೆಲಸಕ್ಕೆ ಬರುತ್ತದೆಯೇ?

ಜೋಡಿ ಕೂಡದ ಪಂದ್ಯಗಳೂ ನಿಮ್ಮವೇ, ಅವನ್ನೂ ಗೆಲ್ಲಬೇಕು. ಮ್ಯೂಟೂ ಇಎಕ್ಸ್ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಗಾರ್ಡೆವಾರ್ ಬಾರದಿದ್ದರೂ ಎರಡು ಎನರ್ಜಿಗೆ 50 ಹಾನಿ ಹೊಡೆಯುತ್ತಾ ನಿಲ್ಲಬಲ್ಲದು. ರಾಲ್ಟ್ಸ್ ಒಂಟಿಯಾಗಿ ನಿಲ್ಲದು. ಅದಕ್ಕೆ 60 ಎಚ್‌ಪಿ ಮಾತ್ರ. ಜೋಡಿಯ ಎರಡೂ ತುದಿಗಳು ಒಂಟಿಯಾದಾಗ ನಿಷ್ಪ್ರಯೋಜಕವಾಗಿದ್ದರೆ ಅಂಥ ಡೆಕ್ ಕಟ್ಟಬೇಡಿ. ಒಂದಾದರೂ ತನ್ನ ಕಾಲ ಮೇಲೆ ನಿಲ್ಲಬೇಕು.

ನಾಣ್ಯ ಚಿಮ್ಮುವ ಕಾರ್ಡ್‌ಗಳನ್ನೂ ಇಲ್ಲೇ ತೂಗಿ ನೋಡಿ. ‘ಮಿಸ್ಟಿ’ ಕಾರ್ಡಿನಲ್ಲಿ ಟೇಲ್ಸ್ ಬೀಳುವವರೆಗೆ ನಾಣ್ಯ ಚಿಮ್ಮಿ, ಬಿದ್ದ ಹೆಡ್ಸ್ ಎಷ್ಟೋ ಅಷ್ಟು ವಾಟರ್ ಎನರ್ಜಿ ಸಿಗುತ್ತದೆ. ಆರ್ಟಿಕುನೊ ಇಎಕ್ಸ್‌ನ ‘ಬ್ಲಿಜರ್ಡ್’ಗೆ ಮೂರು ಎನರ್ಜಿ ಬೇಕು. ಮೂರು ಅಥವಾ ಹೆಚ್ಚು ಹೆಡ್ಸ್ ಬೀಳುವುದು ಎಂಟರಲ್ಲಿ ಒಂದು ಸಲ. ಏನೂ ಸಿಗದಿರುವುದು ಎರಡರಲ್ಲಿ ಒಂದು ಸಲ. ಮೊದಲ ಸರದಿಯಲ್ಲೇ 80 ಹಾನಿ ಬಿದ್ದ ಪಂದ್ಯ ನೆನಪಿನಲ್ಲಿ ಉಳಿಯುತ್ತದೆ, ಬರಿಗೈಯಲ್ಲಿ ಉಳಿದ ಪಂದ್ಯಗಳು ಮರೆತುಹೋಗುತ್ತವೆ. ಮಿಸ್ಟಿಯನ್ನು ಬಳಸಬಾರದು ಎಂದಲ್ಲ. ಅದು ಕೈಕೊಟ್ಟಾಗಲೂ ಡೆಕ್ ಮುಂದೆ ನಡೆಯುವಂತಿರಬೇಕು.

ಹಂತ 6: ಉಳಿದ ಹನ್ನೆರಡು ಜಾಗ

ಮ್ಯೂಟೂ ಇಎಕ್ಸ್ 2, ರಾಲ್ಟ್ಸ್ 2, ಕಿರ್ಲಿಯಾ 2, ಗಾರ್ಡೆವಾರ್ 2. ಎಂಟು ಜಾಗ ಹೋಯಿತು. ಉಳಿದ ಹನ್ನೆರಡಕ್ಕೆ ನಾನು ಶುರು ಮಾಡುವ ಪಟ್ಟಿ: ಪ್ರೊಫೆಸರ್ಸ್ ರಿಸರ್ಚ್ 2, ಪೋಕೆ ಬಾಲ್ 2, ಎಕ್ಸ್ ಸ್ಪೀಡ್ (ಹಿಂದೆ ಸರಿಯಲು ಬೇಕಾದ ಎನರ್ಜಿಯನ್ನು ಒಂದು ಇಳಿಸುತ್ತದೆ) 2, ಸಬ್ರೀನಾ (ಎದುರಾಳಿಯ ಆಕ್ಟಿವ್ ಕಾರ್ಡನ್ನು ಬೆಂಚಿಗೆ ಕಳಿಸುತ್ತದೆ) 2, ಜಿಯೊವಾನಿ (ಹಾನಿ ಹೆಚ್ಚಿಸುತ್ತದೆ) 2, ಮತ್ತು ರೇರ್ ಕ್ಯಾಂಡಿ ಇದ್ದರೆ ಅದು 2, ಇಲ್ಲದಿದ್ದರೆ ಪೋಶನ್ 2.

ಇಲ್ಲಿ ಒಂದು ಆಸೆ ಹುಟ್ಟುತ್ತದೆ: ಇನ್ನೊಂದು ಒಳ್ಳೆಯ ಬೇಸಿಕ್ ಪೋಕೆಮಾನ್ ಸೇರಿಸಿದರೆ ಹೇಗೆ? ಪೋಕೆ ಬಾಲ್ ಏನು ಮಾಡುತ್ತದೆ ನೋಡಿ. ಅದು ಡೆಕ್ಕಿನಿಂದ ಯಾವುದೋ ಒಂದು ಬೇಸಿಕ್ ಕಾರ್ಡನ್ನು ಕೈಗೆ ತರುತ್ತದೆ, ಆಯ್ಕೆ ನಿಮ್ಮದಲ್ಲ. ನಿಮ್ಮ ಕೈಗೆ ಒಂದು ರಾಲ್ಟ್ಸ್ ಬಂದಿದೆ, ಮ್ಯೂಟೂ ಬೇಕಿದೆ ಎಂದುಕೊಳ್ಳಿ. ಡೆಕ್ಕಿನಲ್ಲಿ ಉಳಿದ ಬೇಸಿಕ್‌ಗಳು ಒಂದು ರಾಲ್ಟ್ಸ್, ಎರಡು ಮ್ಯೂಟೂ. ಬಾಲ್ ಮ್ಯೂಟೂವನ್ನೇ ತರುವ ಸಂಭವ ಮೂರರಲ್ಲಿ ಎರಡು. ಬೇರೊಂದು ಬೇಸಿಕ್‌ನ ಎರಡು ಪ್ರತಿ ಸೇರಿಸಿದ್ದರೆ ಅದು ಐದರಲ್ಲಿ ಎರಡಕ್ಕೆ ಇಳಿಯುತ್ತಿತ್ತು. ಸೇರಿಸಿದ ಕಾರ್ಡ್ ಎಷ್ಟೇ ಚೆನ್ನಾಗಿರಲಿ, ಜೋಡಿಗೆ ಅದು ಅಡ್ಡಗಾಲು.

ಸಪೋರ್ಟರ್ ಕಾರ್ಡ್‌ಗಳ ವಿಷಯದಲ್ಲಿ ಮೂಗಿಗಿಂತ ಮೂಗುತಿ ಭಾರವಾಗದಂತೆ ನೋಡಿಕೊಳ್ಳಿ. ಸರದಿಗೆ ಒಂದೇ ಸಪೋರ್ಟರ್ ಆಡಬಹುದು. ಮೇಲಿನ ಪಟ್ಟಿಯಲ್ಲಿ ರಿಸರ್ಚ್, ಸಬ್ರೀನಾ, ಜಿಯೊವಾನಿ ಸೇರಿ ಆರು ಇವೆ, ಅದಕ್ಕಿಂತ ಹೆಚ್ಚಾದರೆ ಅವು ಕೈಯಲ್ಲೇ ರಾಶಿಯಾಗುತ್ತವೆ. ರಿಸರ್ಚ್ ಆಡಿದ ಸರದಿಯಲ್ಲಿ ಜಿಯೊವಾನಿಯ 10 ಹೆಚ್ಚುವರಿ ಹಾನಿ ಸಿಗುವುದಿಲ್ಲ. ಮೊದಲ ಎರಡು ಸರದಿ ಕಾರ್ಡ್ ಎಳೆಯಲು, ಆಮೇಲಿನವು ಹೊಡೆತಕ್ಕೆ ಎಂದು ಮೊದಲೇ ಹಂಚಿಕೊಳ್ಳಿ.

ಹಂತ 7: ಆಡುವ ಕ್ರಮ

ಕೈಯಲ್ಲಿ ಪೋಕೆ ಬಾಲ್, ರಿಸರ್ಚ್ ಎರಡೂ ಇದ್ದರೆ ಬಾಲ್ ಮೊದಲು. ಬಾಲ್ ಒಂದು ಬೇಸಿಕ್ ಕಾರ್ಡನ್ನು ಹೊರತೆಗೆದ ಮೇಲೆ ಡೆಕ್ ತೆಳುವಾಗುತ್ತದೆ. ರಿಸರ್ಚ್ ಎಳೆಯುವ ಎರಡರಲ್ಲಿ ಗಾರ್ಡೆವಾರ್ ಬರುವ ಸಂಭವ ಮೊದಲ ಸರದಿಯಲ್ಲಿ ಶೇ 27.5 ಇದ್ದದ್ದು 29.5 ಆಗುತ್ತದೆ. ಚಿಕ್ಕ ಲಾಭ, ಆದರೆ ಕೈಯಿಂದ ಏನನ್ನೂ ಕಳೆದುಕೊಳ್ಳಬೇಕಿಲ್ಲ.

ವಿಕಸನದ ಕಾರ್ಡನ್ನು ಕೈಯಲ್ಲಿ ಬಚ್ಚಿಟ್ಟುಕೊಳ್ಳಬೇಡಿ. ಎದುರಾಳಿ ‘ರೆಡ್ ಕಾರ್ಡ್’ ಆಡಿದರೆ ನಿಮ್ಮ ಕೈಯೆಲ್ಲ ಡೆಕ್ಕಿಗೆ ಮರಳಿ, ಹೊಸದಾಗಿ ಮೂರೇ ಕಾರ್ಡ್ ಸಿಗುತ್ತವೆ. ಬಾಯಿಗೆ ಬಂದ ತುತ್ತು ಹಾಗೆ ಜಾರಿಹೋಗಬಾರದು ಎಂದಾದರೆ, ನಿಯಮ ಅವಕಾಶ ಕೊಟ್ಟ ಸರದಿಯಲ್ಲೇ ಕಿರ್ಲಿಯಾವನ್ನು ಇಳಿಸಿ.

ಸಬ್ರೀನಾ ಬಂದಾಗಿನ ಸಂದರ್ಭವನ್ನು ಹತ್ತಿರದಿಂದ ನೋಡೋಣ. ಎದುರಾಳಿ ಅದನ್ನು ಆಡಿದ. ನಿಮ್ಮ ಮ್ಯೂಟೂ ಬೆಂಚಿಗೆ ಹೋಗಬೇಕು, ಬದಲಿ ಯಾರೆಂದು ನೀವೇ ಆರಿಸಬೇಕು. ಬೆಂಚಿನಲ್ಲಿರುವುದು ಗಾರ್ಡೆವಾರ್ ಒಂದೇ. 110 ಎಚ್‌ಪಿ ಇರುವುದರಿಂದ ಅದು ಒಂದು ಹೊಡೆತ ತಾಳಿಕೊಂಡಿತು ಎನ್ನೋಣ. ಈಗ ನಿಮ್ಮ ಸರದಿ. ಹಿಂದೆ ಸರಿಯಲು ಅದಕ್ಕೆ ಎರಡು ಎನರ್ಜಿ ಬೇಕು, ಅದರ ಮೇಲೆ ಒಂದೂ ಇಲ್ಲ. ಎಕ್ಸ್ ಸ್ಪೀಡ್ ಆಡಿದರೆ ಬೇಕಾಗುವುದು ಒಂದೇ. ಗಾರ್ಡೆವಾರ್ ಈಗ ಆಕ್ಟಿವ್ ಆಗಿರುವುದರಿಂದ ಸೈ ಶ್ಯಾಡೋ ಎನರ್ಜಿಯನ್ನು ಅದಕ್ಕೇ ಸೇರಿಸಬಹುದು. ಅದನ್ನೇ ತೆತ್ತು ಹಿಂದೆ ಸರಿಯಿರಿ, ಮ್ಯೂಟೂವನ್ನು ಮುಂದೆ ತನ್ನಿ, ಸರದಿಯ ಮಾಮೂಲಿ ಎನರ್ಜಿಯನ್ನು ಮ್ಯೂಟೂಗೆ ಸೇರಿಸಿ. ಅದರ ಮೇಲೆ ಮೊದಲೇ ಮೂರು ಇದ್ದಿದ್ದರೆ ಸೈಡ್ರೈವ್ ಸಿದ್ಧ. ಎಕ್ಸ್ ಸ್ಪೀಡ್ ಇಲ್ಲದಿದ್ದರೆ ಎರಡೂ ಎನರ್ಜಿ ಗಾರ್ಡೆವಾರ್‌ಗೇ ಹೋಗಿ ಸೈಡ್ರೈವ್ ತಪ್ಪುತ್ತಿತ್ತು. ಎಕ್ಸ್ ಸ್ಪೀಡ್ ಒಂದನ್ನು ಕೊನೆಯವರೆಗೂ ಉಳಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಅಂಕದ ಲೆಕ್ಕವನ್ನೂ ತಲೆಯಲ್ಲಿಟ್ಟುಕೊಳ್ಳಿ. ಮೂರು ಅಂಕ ಗಳಿಸಿದವರು ಗೆದ್ದಂತೆ. ಇಎಕ್ಸ್ ಬಿದ್ದರೆ ಎದುರಾಳಿಗೆ ಎರಡು, ಸಾಮಾನ್ಯ ಪೋಕೆಮಾನ್ ಬಿದ್ದರೆ ಒಂದು. ಒಂದು ಮ್ಯೂಟೂ ಬಿದ್ದ ಮೇಲೆ ಯಾವುದು ಬಿದ್ದರೂ ಪಂದ್ಯ ಮುಗಿಯುತ್ತದೆ.

ಹಂತ 8: ಜೋಡಿ ಎಲ್ಲಿ ಸೋಲುತ್ತದೆ

ಪ್ರತಿ ಜೋಡಿಗೂ ಒಂದು ಮಿತಿ ಇದೆ, ಅದನ್ನು ಆಟಕ್ಕೆ ಮುಂಚೆಯೇ ತಿಳಿದಿರಬೇಕು. ಸೈಡ್ರೈವ್ 150, ಜಿಯೊವಾನಿ ಸೇರಿ 160. ಎದುರಾಳಿಯ ಮ್ಯೂಟೂ ಇಎಕ್ಸ್ ಒಂದೇ ಏಟಿಗೆ ಬೀಳುತ್ತದೆ. 180 ಎಚ್‌ಪಿಯ ಚಾರಿಜಾರ್ಡ್ ಇಎಕ್ಸ್ ಬೀಳುವುದಿಲ್ಲ, ಮತ್ತು ಅದರ ಮರುಹೊಡೆತ 200. ಹಾಗಾಗಿ ಚಾರಿಜಾರ್ಡ್ ಎದುರು ಪೂರ್ಣ ಎನರ್ಜಿಗೆ ಕಾಯದೆ, ಅದಿನ್ನೂ ಚಾರ್ಮ್ಯಾಂಡರ್ ಆಗಿರುವಾಗಲೇ 50ರ ದಾಳಿಯಿಂದ ಒತ್ತಡ ಹೇರಬೇಕು. ಡಾರ್ಕ್‌ನೆಸ್ ಬಗೆಯ ಡೆಕ್‌ಗಳ ಎದುರು ಕಷ್ಟ ಇನ್ನೂ ಹೆಚ್ಚು. ಮ್ಯೂಟೂ ಮೇಲೆ ಅವರ ಪ್ರತಿ ದಾಳಿಗೆ 20 ಹಾನಿ ಹೆಚ್ಚುವರಿಯಾಗಿ ಬೀಳುತ್ತದೆ.

ಹಂತ 9: ಕಾರ್ಡ್ ಸಂಪಾದನೆ

ಹಣ ಹಾಕುವ ಅಗತ್ಯವಿಲ್ಲ. 12 ಗಂಟೆಗೊಂದರಂತೆ ದಿನಕ್ಕೆ ಎರಡು ಪ್ಯಾಕ್ ಉಚಿತ, ಪ್ರತಿ ಪ್ಯಾಕ್‌ಗೆ 5 ಪ್ಯಾಕ್ ಪಾಯಿಂಟ್. ಗಾರ್ಡೆವಾರ್‌ಗೆ 150 ಪಾಯಿಂಟ್ ಸಾಕು, ಅಂದರೆ ಹದಿನೈದು ದಿನದ ಉಚಿತ ಪ್ಯಾಕ್‌ಗಳು. ಮ್ಯೂಟೂ ಇಎಕ್ಸ್‌ಗೆ 500. ಜೋಡಿ ಪೂರ್ಣವಾಗುವವರೆಗೆ ಒಂದೇ ಸರಣಿಯ ಪ್ಯಾಕ್ ತೆರೆಯಿರಿ. 2025ರ ಜನವರಿಯಿಂದ ಸ್ನೇಹಿತರ ನಡುವೆ ವಿನಿಮಯಕ್ಕೂ ಅವಕಾಶವಿದೆ. ಎರಡೂ ಕಡೆಯ ಕಾರ್ಡ್ ಒಂದೇ ದರ್ಜೆಯದ್ದಾಗಿರಬೇಕು.

ಹಂತ 10: ಪರೀಕ್ಷೆ

ಇಪ್ಪತ್ತು ಪಂದ್ಯ ಆಡಿ, ಪ್ರತಿಯೊಂದರ ನಂತರ ಒಂದೇ ಸಾಲು ಬರೆಯಿರಿ: ಮೊದಲಿಗರೋ ಎರಡನೆಯವರೋ, ಜೋಡಿ ಕೂಡಿದ ಸರದಿ ಯಾವುದು, ಕೊನೆಯಲ್ಲಿ ಕೈಯಲ್ಲಿ ಆಡದೆ ಉಳಿದ ಕಾರ್ಡ್ ಯಾವುದು. ಗೆಲುವು ಸೋಲಿಗಿಂತ ಮೂರನೇ ಮಾಹಿತಿ ಅಮೂಲ್ಯ. ಪದೇಪದೇ ಉಳಿಯುವ ಕಾರ್ಡೇ ತೆಗೆಯಬೇಕಾದ ಕಾರ್ಡ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ; ಮೂರು ಕಾರ್ಡ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಬೇರೆ ಆಟ ಆಡುವವರೂ ಇದೇ ಲೆಕ್ಕ ಹಿಡಿಯಬಹುದು, ಅಂಕೆಗಳಷ್ಟೇ ಬದಲಾಗುತ್ತವೆ. ‘ಮಾರ್ವೆಲ್ ಸ್ನ್ಯಾಪ್’ನಲ್ಲಿ ಡೆಕ್ಕಿಗೆ 12 ಕಾರ್ಡ್, ಪ್ರತಿಯೊಂದೂ ಒಂದೇ ಪ್ರತಿ, ಆರು ಸರದಿ. ಮೂರು ಕಾರ್ಡಿನಿಂದ ಶುರುವಾಗಿ ಆರನೇ ಸರದಿಗೆ ಒಂಬತ್ತು ನೋಡಿರುತ್ತೀರಿ. ಒಂದು ನಿರ್ದಿಷ್ಟ ಕಾರ್ಡ್ ಸಿಗುವ ಸಂಭವ ಶೇ 75, ಎರಡು ಸಿಗುವುದು ಶೇ 55, ಮೂರು ಸಿಗುವುದು ಶೇ 38. ಅದೂ ಕೊನೆಯ ಸರದಿಯ ಹೊತ್ತಿಗೆ. ಜೋಡಿಯ ಒಂದು ಕಾರ್ಡನ್ನು ನಾಲ್ಕನೇ ಸರದಿಯಲ್ಲೇ ಇಳಿಸಬೇಕಿದ್ದರೆ ಸಂಭವ ಇನ್ನೂ ಕಡಿಮೆ. ಆದ್ದರಿಂದ ಆ ಆಟದಲ್ಲಿ ಮೂರು ಕಾರ್ಡಿನ ಜೋಡಿ ಕಟ್ಟುವವರು ಹಂತ 5ಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಲಿ: ಐದರಲ್ಲಿ ಮೂರು ಪಂದ್ಯಗಳನ್ನು ಅವರು ಆಡಬೇಕಾಗಿರುವುದು ಜೋಡಿಯ ಯಾವುದೋ ಒಂದು ತುಂಡಿಲ್ಲದೆ.